ವಸಡಿಗೆ ‘ಸ್ಟೆಮ್ ಸೆಲ್’ ಚಿಕಿತ್ಸೆ: ಕೊಟ್ಟ ದುಡ್ಡಿಗೆ ಸಿಗುವುದೇನು?

‘ಸ್ಟೆಮ್ ಸೆಲ್ ಹಾಕಿ ವಸಡು ಬೆಳೆಸಿಕೊಡ್ತೀವಿ’ ಎಂದು ಕ್ಲಿನಿಕ್‌ನಲ್ಲಿ ಹೇಳಿದರೆ, ಆ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ, ಎಲ್ಲಿಂದ ತೆಗೆಯುತ್ತೀರಿ ಎಂದು ಮೊದಲು ಕೇಳಿ. ‘ನಿಮ್ಮ ತೋಳಿನ ರಕ್ತದಿಂದ’ ಎಂಬ ಉತ್ತರ ಬಂದರೆ ಅದು ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್), ಅಂದರೆ ನಿಮ್ಮದೇ ರಕ್ತದಿಂದ ಮಾಡಿದ ಪ್ಲೇಟ್‌ಲೆಟ್ ತುಂಬಿದ ಹೆಪ್ಪು. ಅದಕ್ಕೆ ಸ್ಟೆಮ್ ಸೆಲ್ ರೇಟು ಕೊಡಬೇಕಿಲ್ಲ.

ಪಿಆರ್‌ಎಫ್ ಕೆಟ್ಟದ್ದೇನಲ್ಲ. ಹೆಪ್ಪು ತಡೆಯುವ ಔಷಧವಿಲ್ಲದ ಟ್ಯೂಬಿಗೆ 10 ಮಿ.ಲೀ. ರಕ್ತ ತೆಗೆದು, ಕೂಡಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ನಿಮಿಷಕ್ಕೆ 2,700 ಸುತ್ತಿನಂತೆ 12 ನಿಮಿಷ ಎನ್ನುವುದು ಹೆಚ್ಚು ಬಳಕೆಯ ಲೆಕ್ಕ. ಟ್ಯೂಬಿನ ಮೇಲೆ ಹಳದಿ ನೀರು, ತಳದಲ್ಲಿ ಕೆಂಪು ಕಣ, ನಡುವೆ ಗಿಣ್ಣಿನ ಹಾಗೆ ಅಲುಗುವ ಗಟ್ಟಿ. ಬೇಕಾದ್ದು ಆ ನಡುವಿನ ಗಟ್ಟಿ. ರಕ್ತ ತೆಗೆದು ಒಂದೆರಡು ನಿಮಿಷ ತಡವಾದರೂ ತಿರುಗಿಸುವ ಮೊದಲೇ ಅದು ಹೆಪ್ಪುಗಟ್ಟಿ, ಪದರ ಸರಿಯಾಗಿ ಬೇರೆಯಾಗುವುದಿಲ್ಲ. ವಸಡಿನ ರೋಗವು ಹಲ್ಲಿನ ಪಕ್ಕದ ಮೂಳೆಯಲ್ಲಿ ಕಿರಿದಾಗಿ, ಆಳವಾಗಿ ಕೊರೆದ ಗುಂಡಿಗೆ ಬರೀ ಫ್ಲಾಪ್ ಸರ್ಜರಿಗಿಂತ (ವಸಡನ್ನು ಬಿಡಿಸಿ ಒಳಗೆ ಸ್ವಚ್ಛ ಮಾಡಿ ಮತ್ತೆ ಹೊಲಿಯುವುದು) ಪಿಆರ್‌ಎಫ್ ಸೇರಿಸಿದ ಸರ್ಜರಿ ಹೆಚ್ಚು ಫಲ ಕೊಡುತ್ತದೆ.

ನಿಜವಾದ ಸ್ಟೆಮ್ ಸೆಲ್ ಸಿಗುವ ಒಂದು ಜಾಗ ಹಲ್ಲಿನ ಬೇರನ್ನು ದವಡೆ ಮೂಳೆಗೆ ಹಿಡಿದಿಡುವ ನಾರು, ಅಂದರೆ ಪೆರಿಯೊಡಾಂಟಲ್ ಲಿಗಮೆಂಟು. ಕಿತ್ತ ಬುದ್ಧಿಹಲ್ಲಿನ ಈ ನಾರಿನಿಂದ ಅವನ್ನು ಬೇರ್ಪಡಿಸಿದ ವರದಿ 2004ರಲ್ಲಿ ಬಂತು. ಕೆರೆದುಕೊಳ್ಳುವುದು ಬೇರಿನ ನಡುಭಾಗದಿಂದ ಮಾತ್ರ. ಮೇಲಕ್ಕೆ ಹೋದರೆ ವಸಡಿನ ಕೋಶ ಬೆರೆಯುತ್ತದೆ, ತುದಿಗೆ ಹೋದರೆ ಬೇರೆ ಅಂಗಾಂಶ ಬೆರೆಯುತ್ತದೆ.

ಇದನ್ನು ರೋಗಿಗಳ ಮೇಲೆ ಅಚ್ಚುಕಟ್ಟಾಗಿ ಮಾಡಿದವರು ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದವರು. ತಣ್ಣಗಾದಾಗ ಕೋಶಗಳನ್ನು ತಾನೇ ಬಿಟ್ಟುಕೊಡುವ ತಟ್ಟೆಯಲ್ಲಿ ಅವನ್ನು ಬೆಳೆಸಿ, ಹಾಳೆಯಂತೆ ಇಡಿಯಾಗಿ ಎಬ್ಬಿಸುತ್ತಾರೆ. ಕಿಣ್ವ ಹಾಕಿ ಬಿಡಿಸಿದರೆ ಕೋಶ ಕೋಶಕ್ಕೆ ಇರುವ ಹಿಡಿತ ಕಡಿದುಹೋಗುತ್ತದೆ. ಈ ತಟ್ಟೆಯ ಹೆಚ್ಚುಗಾರಿಕೆ ಅಲ್ಲಿದೆ. ಅಂಥ ಮೂರು ಹಾಳೆ ಒಂದರ ಮೇಲೊಂದು ಜೋಡಿಸಿ ಬೇರಿಗೆ ಹಚ್ಚಿ, ಗುಂಡಿಗೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹರಳು ತುಂಬುತ್ತಾರೆ. 2018ರಲ್ಲಿ ಪ್ರಕಟವಾದ 10 ರೋಗಿಗಳ ಫಲಿತಾಂಶದಲ್ಲಿ, ಆರು ತಿಂಗಳಿಗೆ ಪಾಕೆಟ್ (ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ) ಸರಾಸರಿ 3.2 ಮಿ.ಮೀ. ತಗ್ಗಿತ್ತು, ಬೇರಿನ ಮೇಲೆ ಅಂಗಾಂಶದ ಹಿಡಿತ 2.5 ಮಿ.ಮೀ. ಮರಳಿತ್ತು. ಆದರೆ ಆ 2.5ರ ಪಕ್ಕದಲ್ಲೇ ಪ್ಲಸ್–ಮೈನಸ್ 2.6 ಎಂದಿದೆ, ಅದನ್ನು ದಾಟಿ ಓದಬೇಡಿ. ಕೆಲವರಿಗೆ ಬಹಳ ಸಿಕ್ಕಿದೆ, ಕೆಲವರಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಹೋಲಿಸಲು ಕೋಶ ಹಾಕದ ಗುಂಪೂ ಇರಲಿಲ್ಲ.

ಹೋಲಿಕೆ ನಡೆದದ್ದು ಚೀನಾದ ಶಿಯಾನ್‌ನಲ್ಲಿ, 2016ರ ವರದಿ. ಒಂದು ಗುಂಪಿಗೆ ಕೋಶದ ಹಾಳೆ ಮತ್ತು ದನದ ಮೂಳೆಯ ಪುಡಿ, ಇನ್ನೊಂದಕ್ಕೆ ಪುಡಿ ಮಾತ್ರ. ಒಟ್ಟು 41 ಹಲ್ಲು. ಎರಡೂ ಗುಂಪಿನಲ್ಲಿ ಮೂಳೆ ತುಂಬಿತು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸುರಕ್ಷಿತ ಎಂಬುದಕ್ಕೆ ಒಳ್ಳೆಯ ಸೂಚನೆ. ಹೆಚ್ಚು ದುಡ್ಡು ಕೊಡಲು ಕಾರಣವಲ್ಲ.

ಭಾರತದಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ವಸಡಿಗೆ ಸ್ಟೆಮ್ ಸೆಲ್ ಹಾಕುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಒಳಗೆ ಮಾತ್ರ. ಟ್ರಯಲ್ ಆದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಪಟ್ಟಿ) ನೋಂದಣಿ ಸಂಖ್ಯೆ ಇರಬೇಕು, ರೋಗಿಯಿಂದ ಆ ಚಿಕಿತ್ಸೆಗೆ ಹಣ ಪಡೆಯುವಂತಿಲ್ಲ. ನಂಬರೂ ಇಲ್ಲ, ಬಿಲ್ಲು ಮಾತ್ರ ಇದೆ ಎಂದರೆ ಎದ್ದು ಬನ್ನಿ.

ಸೇವೆಯಾಗಿ ಇದಕ್ಕೆ ಈಗ ಐದಕ್ಕೆ ಒಂದು ಅಂಕ, ಸಂಶೋಧನೆಯಾಗಿ ನಾಲ್ಕು. ದುಡ್ಡು ಹಾಕಬೇಕಾದ ಕಡೆ ಬೇರೆಯಿದೆ. ಬೇರಿನವರೆಗೂ ಗಾರೆ ತೆಗೆಸುವ ಡೀಪ್ ಕ್ಲೀನಿಂಗ್ ಮೊದಲು. ಸುಮಾರು ಎರಡು ತಿಂಗಳು ಬಿಟ್ಟು ಮತ್ತೆ ಅಳತೆ. ಆಗಲೂ 6 ಮಿ.ಮೀ. ಅಥವಾ ಹೆಚ್ಚಿನ ಪಾಕೆಟ್ ಉಳಿದು, ಎಕ್ಸ್‌ರೇಯಲ್ಲಿ ಮೂಳೆ ನೇರ ಕೆಳಕ್ಕೆ ಕೊರೆದಂತೆ ಕಂಡರೆ ಫ್ಲಾಪ್ ಜೊತೆಗೆ ಪಿಆರ್‌ಎಫ್, ಮೂಳೆಪುಡಿ ಇಲ್ಲವೇ ಎಮ್‌ಡೊಗೇನ್ (ಎನಾಮೆಲ್ ಪ್ರೋಟೀನಿನ ಜೆಲ್). ಮೂಳೆ ಅಡ್ಡಡ್ಡವಾಗಿ ಸಮನಾಗಿ ಸವೆದಿದ್ದರೆ ಇವು ಯಾವುದೂ ಅದನ್ನು ಮೇಲೆತ್ತುವುದಿಲ್ಲ: ಹಾಕಿದ್ದು ನಿಲ್ಲಲು ಗೋಡೆಯೇ ಇರುವುದಿಲ್ಲ. ಬೀಡಿ, ಸಿಗರೇಟು, ಗುಟ್ಕಾ ಬಿಡದವರು ಸರ್ಜರಿಯನ್ನೇ ಮುಂದಕ್ಕೆ ಹಾಕುವುದು ಲೇಸು.

ಸರ್ಜರಿ ಆದಮೇಲೆ ಹೊಲಿಗೆಯ ಜಾಗಕ್ಕೆ ಬ್ರಷ್ ಬೇಡ, ದಿನಕ್ಕೆರಡು ಸಲ 10 ಮಿ.ಲೀ. ಕ್ಲೋರ್‌ಹೆಕ್ಸಿಡಿನ್ 0.2% ಮುಕ್ಕಳಿಸಿ. ಟೂತ್‌ಪೇಸ್ಟ್ ಬಳಸಿ ಅರ್ಧ ಗಂಟೆಯಾದರೂ ಕಳೆದಿರಲಿ, ಇಲ್ಲದಿದ್ದರೆ ಔಷಧದ ಶಕ್ತಿ ಕುಂದುತ್ತದೆ. ಹಲ್ಲಿಗೆ ಕಂದು ಕಲೆ ಹಿಡಿದರೆ ಗಾಬರಿ ಬೇಡ, ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಆರು ತಿಂಗಳವರೆಗೆ ಆ ಪಾಕೆಟ್‌ಗೆ ಪ್ರೋಬ್ ಕಡ್ಡಿ ಇಳಿಸಿ ಅಳೆಯಲು ಬಿಡಬೇಡಿ. ಆಗತಾನೇ ಹಿಡಿಯುತ್ತಿರುವ ನಾರು ಆ ಒಂದು ಚುಚ್ಚಿಗೇ ಬಿಟ್ಟುಕೊಳ್ಳಬಹುದು.