ಒಕ್ಕಣೆ ಕಾಲದಲ್ಲಿ ದುರ್ಗದ ಹಿಂದಿನ ರಸ್ತೆಗೆ ಸೈಕಲ್ ಇಳಿಸಬೇಡಿ

ಕಳೆದ ಆಗಸ್ಟ್‌ನಲ್ಲಿ ನಾನೇ ಹೊಗಳಿ, ಮೊಬೈಲ್ ನಕ್ಷೆಯನ್ನೂ ಗೆಳೆಯರಿಗೆಲ್ಲ ಹಂಚಿದ್ದ ರಸ್ತೆ ಇದು. ತುಮಕೂರಿನಿಂದ ನಾಮದ ಚಿಲುಮೆ ಹಾದು ದೇವರಾಯನದುರ್ಗ ಹತ್ತುವುದು, ಬಂದ ದಾರಿಯಲ್ಲೇ ಮರಳದೆ ಕೊರಟಗೆರೆ ಸೀಮೆಯ ಕಡೆಗೆ ಇಳಿದು, ಹಳ್ಳಿಗಳ ಸಣ್ಣ ಡಾಂಬರು ರಸ್ತೆಗಳಲ್ಲಿ ಸುತ್ತಿಕೊಂಡು ಮನೆಗೆ ಬರುವುದು. ಮಳೆಗಾಲದಲ್ಲಿ ಅದೊಂದು ಭಾಗ್ಯ. ಎರಡೂ ಕಡೆ ಗುಡ್ಡ, ನಡುವೆ ಕೆರೆ, ಅಡಿಕೆ ತೋಟ, ಗಂಟೆಗೆ ನಾಲ್ಕು ವಾಹನ. ಅದನ್ನು ನೆಚ್ಚಿಕೊಂಡು ಹೋಗುವವರಿಗಾಗಿ, ಜನವರಿ ಮೊದಲ ವಾರದಲ್ಲಿ ಅದೇ ರಸ್ತೆಯಲ್ಲಿ ನನ್ನ ಎಡ ಹೆಗಲಿನ ಕೊರಳೆಲುಬು ಮುರಿದದ್ದನ್ನು ಬರೆಯುತ್ತಿದ್ದೇನೆ. ಬರೆಯುವುದೆಂದರೆ ಬಲಗೈಯ ಒಂದೇ ಬೆರಳಿನಿಂದ ಒತ್ತುವುದು. ತಪ್ಪಿದ್ದರೆ ಕ್ಷಮಿಸಿ.

ಅಂದು ದುರ್ಗದ ಏರು ಮುಗಿಸಿ, ಭೋಗನರಸಿಂಹನ ಗುಡಿಯ ಮುಂದೆ ಕೋತಿಗಳಿಗೆ ಒಂದು ಬಾಳೆಹಣ್ಣು ಕಳೆದುಕೊಂಡು, ಹತ್ತೂವರೆಯ ಹೊತ್ತಿಗೆ ಇಳಿಯಲು ಶುರುಮಾಡಿದೆ. ಕಾಡಿನ ತಿರುವುಗಳಲ್ಲಿ ಹುಷಾರಾಗಿಯೇ ಇದ್ದೆ. ಮೈಮರೆತದ್ದು ಕಾಡು ಮುಗಿದು ಹಳ್ಳಿಯ ರಸ್ತೆ ಸಿಕ್ಕ ಮೇಲೆ. ಅಲ್ಲಿ ಇಳಿಜಾರು ಸಣ್ಣದು, ಆದರೆ ಉದ್ದ. ಪೆಡಲ್ ತುಳಿಯದೆಯೇ ಗಂಟೆಗೆ 38 ಕಿಲೋಮೀಟರ್ ತೋರಿಸುತ್ತಿತ್ತು. ಮುಂದೆ ಒಂದು ಹೊಂಗೆಮರ, ಅದರ ದಟ್ಟ ನೆರಳು, ನೆರಳಿನಲ್ಲಿ ಎಡಕ್ಕೆ ತಿರುವು. ಬಿಸಿಲಿನಿಂದ ನೆರಳಿಗೆ ನುಗ್ಗುವಾಗ ಕಣ್ಣು ಹೊಂದಿಕೊಳ್ಳಲು ಬೇಕಾಗುವ ಅರೆ ಕ್ಷಣದಲ್ಲಿ, ರಸ್ತೆಯ ಬಣ್ಣ ಕಪ್ಪಿನಿಂದ ಕಂದುಬಣ್ಣಕ್ಕೆ ಬದಲಾದದ್ದು ಕಂಡಿತು.

ರಾಗಿ. ರಸ್ತೆಯ ಅಗಲಕ್ಕೂ ಹರಡಿದ ರಾಗಿ ಹುಲ್ಲು. ಅದರಾಚೆ ಮೊಣಕಾಲೆತ್ತರಕ್ಕೆ ಹುರುಳಿ ಬಳ್ಳಿ.

ಕಾರುಗಳು ಹೋಗುತ್ತವಲ್ಲ, ನಾನೂ ದಾಟಿಬಿಡುತ್ತೇನೆ ಎಂದುಕೊಂಡೆ. ಇದು ನನ್ನ ಮೊದಲ ಪೆದ್ದುತನ. ಹುಲ್ಲು ಮೇಲೆ ಕಾಣುತ್ತದೆ, ಕೆಳಗೆ ಉದುರಿರುವ ಕಾಳು ಕಾಣುವುದಿಲ್ಲ. ಸಾಸಿವೆಯಷ್ಟು ಸಣ್ಣ, ಗುಂಡನೆಯ ರಾಗಿಕಾಳು ಡಾಂಬರಿನ ಮೇಲೆ ಹರಡಿದರೆ, ಯಂತ್ರದ ಬೇರಿಂಗ್ ಗುಂಡುಗಳ ಮೇಲೆ ಸೈಕಲ್ ನಿಲ್ಲಿಸಿದಂತೆ. 28 ಮಿಲಿಮೀಟರ್ ಅಗಲದ ನನ್ನ ಟೈರಿಗೆ ಅಲ್ಲಿ ಹಿಡಿತವೆಂಬುದೇ ಇರಲಿಲ್ಲ. ಬ್ರೇಕ್ ಒತ್ತಿದ್ದು ಎರಡನೆಯ ಪೆದ್ದುತನ. ಮುಂದಿನ ಚಕ್ರ ಬಲಕ್ಕೆ ಜಾರಿತು, ಸೈಕಲ್ ಮಲಗಿತು, ನಾನು ಅದರೊಂದಿಗೇ ಜಾರುತ್ತಾ ಹುರುಳಿಯೊಳಗೆ ಹೋಗಿ ನಿಂತೆ. ಬೀಳುವಾಗ ಕೈ ಚಾಚಿದ್ದೆ. ಆ ಪೆಟ್ಟು ಅಂಗೈಯಿಂದ ತೋಳಿಗೆ, ತೋಳಿನಿಂದ ಹೆಗಲಿಗೆ ಏರಿ ಕೊರಳೆಲುಬನ್ನು ಮುರಿಯಿತು. ಸೈಕಲ್ಲಿನಿಂದ ಬಿದ್ದವರಲ್ಲಿ ಇದು ತೀರ ಮಾಮೂಲು ಎಂದು ಆಮೇಲೆ ಮೂಳೆ ವೈದ್ಯರು ಹೇಳಿದರು, ಸಮಾಧಾನಕ್ಕೋ ಏನೋ.

ಸೈಕಲ್ಲಿನ ಕಥೆ ಬೇರೆ. ಹುರುಳಿ ಬಳ್ಳಿ ಒಣಗಿದ ಮೇಲೂ ಹಗ್ಗದಂತೆ ಗಟ್ಟಿ. ತಿರುಗುತ್ತಿದ್ದ ಹಿಂದಿನ ಚಕ್ರ ಒಂದಿಷ್ಟನ್ನು ಸುತ್ತಿಕೊಂಡು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರನ್ನು ಕಡ್ಡಿಗಳೊಳಗೆ ಎಳೆದುಕೊಂಡಿತ್ತು. ಮೂರು ಕಡ್ಡಿ ತುಂಡಾದವು. ಡಿರೇಲರ್ ತೂಗುಹಾಕುವ ಹ್ಯಾಂಗರ್ ಮುರಿಯಿತು. ಚೌಕಟ್ಟು ಉಳಿಯಲಿ ಎಂದು ತಾನು ಮುರಿಯುವುದಕ್ಕೇ ಇಟ್ಟಿರುವ ಪುಟ್ಟ ತುಂಡು ಅದು. ಒಂದೊಂದು ಮಾದರಿಯ ಸೈಕಲ್ಲಿಗೆ ಒಂದೊಂದು ಆಕಾರ, ಹಾಗಾಗಿ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುವುದಿಲ್ಲ. ಇಷ್ಟಕ್ಕೇ ನಾನು ಗೊಣಗಿದರೆ ಕಾರಿನವರು ನಗುತ್ತಾರೆ. ಹುರುಳಿ ಬಳ್ಳಿ ಅಡಿಭಾಗಕ್ಕೆ ಸುತ್ತಿಕೊಂಡು, ಸೈಲೆನ್ಸರಿನ ಕಾವಿಗೆ ಹೊತ್ತಿ, ಕಾರುಗಳೇ ಉರಿದುಹೋದ ಪ್ರಸಂಗಗಳು ನಮ್ಮ ರಾಜ್ಯದಲ್ಲಿ ಆಗಿವೆ.

ಕಣದಲ್ಲಿ, ಅಂದರೆ ರಸ್ತೆಯಲ್ಲಿ, ಇದ್ದದ್ದು ಒಬ್ಬ ಅಜ್ಜಿ, ಅವರ ಸೊಸೆ, ಮತ್ತು ಹತ್ತು ಹನ್ನೆರಡು ವರ್ಷದ ಹುಡುಗ. ಓಡಿಬಂದು ನನ್ನನ್ನು ಎಬ್ಬಿಸಿ ಮರಕ್ಕೆ ಒರಗಿಸಿದರು. "ನೋಡಿಕೊಂಡು ಬರಬಾರದೇನಪ್ಪಾ, ಬಸ್ಸೇ ನಿಧಾನ ಮಾಡುತ್ತದೆ" ಎಂದರು ಅಜ್ಜಿ. ಸಿಟ್ಟು ಬಂತು. "ರಸ್ತೆಯೇನು ನಿಮ್ಮ ಕಣವೇ ಅಜ್ಜಿ?" ಎಂದೆ. ಅವರು ಉತ್ತರ ಕೊಡದೆ ಸೆರಗಿನ ತುದಿಯಿಂದ ನನ್ನ ಮೊಣಕೈಯ ರಕ್ತ ಒರೆಸುತ್ತಿದ್ದರು.

108ಕ್ಕೆ ಕರೆ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ: ಯಾವ ಊರು? ನನಗೆ ಗೊತ್ತಿರಲಿಲ್ಲ. ಅರವತ್ತು ಕಿಲೋಮೀಟರ್ ದಾರಿಯ ಏರು ಎಷ್ಟು, ಇಳಿತ ಎಷ್ಟು ಎಂದು ಕೇಳಿದ್ದರೆ ಮೀಟರ್ ಲೆಕ್ಕದಲ್ಲಿ ಹೇಳುತ್ತಿದ್ದೆ. ಹ್ಯಾಂಡಲ್ ಮೇಲಿನ ಪರದೆಯಲ್ಲಿ ಒಂದು ನೀಲಿ ಗೆರೆ ಬಿಟ್ಟರೆ ಬೇರೇನೂ ಇರಲಿಲ್ಲ. ಹುಡುಗ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು ಊರು, ಹೋಬಳಿ, ಯಾವ ಕೆರೆ ಏರಿಯ ಪಕ್ಕ, ಎಲ್ಲಿ ತಿರುಗಬೇಕು ಎಲ್ಲವನ್ನೂ ಹೇಳಿದ. ಆಂಬುಲೆನ್ಸ್ ದಾರಿ ತಪ್ಪದೆ ಬಂತು. ಸೈಕಲ್ ಹಿಡಿದು ಸಣ್ಣ ರಸ್ತೆಗಳಿಗೆ ಹೋಗುವವರು ದಯವಿಟ್ಟು ಹಾದುಹೋಗುವ ಊರುಗಳ ಹೆಸರನ್ನು ಒಂದು ಚೀಟಿಯಲ್ಲಾದರೂ ಬರೆದಿಟ್ಟುಕೊಳ್ಳಿ.

ಪೊಲೀಸರಿಗೆ ದೂರು ಕೊಡು ಎಂದು ಗೆಳೆಯರು ಹೇಳಿದರು. ರಸ್ತೆಯಲ್ಲಿ ಒಕ್ಕಣೆ ಮಾಡಬಾರದೆಂದು ಸುಗ್ಗಿಯ ಕಾಲಕ್ಕೆ ಅಧಿಕಾರಿಗಳು ಎಚ್ಚರಿಸುತ್ತಲೇ ಇರುತ್ತಾರೆ, ಕಾನೂನು ನನ್ನ ಕಡೆಗೇ ಇದೆ. ಕೊಡಲಿಲ್ಲ. ನಮ್ಮಜ್ಜನ ಕಾಲದಲ್ಲಿ ಹೊಲದಲ್ಲೇ ನೆಲ ಕೆತ್ತಿ, ನೀರು ಹಾಕಿ ತುಳಿದು, ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದರು. ಈಗ ಎತ್ತಿಲ್ಲ, ಆಳಿಲ್ಲ. ಒಕ್ಕಣೆ ಯಂತ್ರ ಬಾಡಿಗೆಗೆ ಸಿಗುತ್ತದೆ, ಆದರೆ ಒಂದು ಮೂಟೆ ಹುರುಳಿಗೆ ಯಂತ್ರ ಕರೆಸಿದರೆ ಹುರುಳಿಯೇ ಬಾಡಿಗೆಗೆ ಹೋಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕಣ ಕಟ್ಟಿಸಿಕೊಂಡವರೂ ಇದ್ದಾರೆ, ಕಟ್ಟಿಸಿಕೊಳ್ಳದವರೂ ಇದ್ದಾರೆ. ಬಸ್ಸಿನ ಚಕ್ರವಾದರೋ ಕೂಲಿ ಕೇಳುವುದಿಲ್ಲ. ಹಾಗೆಂದು ತಿರುವಿನಲ್ಲಿ ಹರಡಿದ್ದನ್ನು ನಾನು ಒಪ್ಪುವುದಿಲ್ಲ. ನೇರ ರಸ್ತೆಯಲ್ಲಿ ಹರಡಿದ್ದರೆ ದೂರದಿಂದಲೇ ಕಾಣುತ್ತಿತ್ತು. ಅಜ್ಜಿಗೂ ಅದನ್ನು ಹೇಳಿದೆ. "ನೆರಳು ಇಲ್ಲಿ ತಾನೇ ಇರುವುದು" ಎಂದರು.

ಮನೆಯಲ್ಲಿ ಕೈಪಟ್ಟಿ ಕಟ್ಟಿಕೊಂಡು ಕುಳಿತ ಮೇಲೆ ಹೊಳೆದದ್ದು ಇಷ್ಟು. ನಾವು ಹುಡುಕುವ ರಸ್ತೆ ಮತ್ತು ರೈತ ಹುಡುಕುವ ರಸ್ತೆ ಒಂದೇ. ಲಾರಿ ಓಡಾಡದ, ಹೊಸದಾಗಿ ಡಾಂಬರು ಕಂಡ, ಗುಂಡಿಯಿಲ್ಲದ, ದಿನಕ್ಕೆ ಕೆಲವೇ ವಾಹನ ಸುಳಿಯುವ ರಸ್ತೆ. ಆಗಸ್ಟ್‌ನಲ್ಲಿ ಅದು ನಮ್ಮದು, ಡಿಸೆಂಬರ್ ಜನವರಿಯಲ್ಲಿ ಅವರದು. ತುಮಕೂರಿಗಷ್ಟೇ ಈ ಮಾತಲ್ಲ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯ, ಹಾಸನ, ರಾಗಿ ಬೆಳೆಯುವ ಕಡೆಯೆಲ್ಲ ಹೀಗೆಯೇ. ದಾವಣಗೆರೆ, ಹಾವೇರಿ ಕಡೆ ಹೋದರೆ ರಾಗಿಯ ಜಾಗದಲ್ಲಿ ಮೆಕ್ಕೆಜೋಳ.

ಹೋಗಲೇಬೇಕೆನ್ನುವವರು ಬೆಳಗ್ಗೆ ಬೇಗ ಹೋಗಿ ಎನ್ನುತ್ತೇನೆ, ಆದರೆ ತೀರ ಬೇಗ ಬೇಡ. ಇಬ್ಬನಿ ಆರುವವರೆಗೆ ಯಾರೂ ಬೆಳೆ ಹರಡುವುದಿಲ್ಲ, ಒಂಬತ್ತರ ಒಳಗೆ ದಾಟಿಬಿಡಬಹುದು. ಕತ್ತಲಲ್ಲಿ ಹೊರಟರೆ ಮಾತ್ರ ಹಿಂದಿನ ದಿನದ ಕಲ್ಲುಗಳು ಕಾದಿರುತ್ತವೆ. ವಾಹನ ಅಂಚಿಗೆ ಬರದಿರಲೆಂದು ಬೆಳೆಯ ಸುತ್ತ ಇಡುವ ತಲೆಗಾತ್ರದ ಕಲ್ಲುಗಳನ್ನು ಸಂಜೆ ಎಲ್ಲರೂ ಎತ್ತಿಡುವುದಿಲ್ಲ. ಕಪ್ಪು ಟಾರ್ಪಾಲು ಮುಚ್ಚಿದ ಕಾಳಿನ ರಾಶಿಯೂ ರಸ್ತೆಯ ಬಣ್ಣಕ್ಕೇ ಸೇರಿಹೋಗಿರುತ್ತದೆ. ನನ್ನ ಮಟ್ಟಿಗೆ ಬೀಳುವುದಕ್ಕಿಂತ ಭಯಂಕರವಾದವು ಈ ಎರಡೇ.

ಹಗಲಿನಲ್ಲಾದರೆ ಸುಳಿವು ಮೊದಲೇ ಸಿಗುತ್ತದೆ. ರಸ್ತೆಯ ಅಂಚಿನಲ್ಲಿ ಹುಲ್ಲಿನ ಚೂರು, ಗಾಳಿಯಲ್ಲಿ ಹೊಟ್ಟು, ಮೂಗಿನಲ್ಲಿ ಕಡಿತ. ಅಂದು ನನಗೂ ಮೂಗು ಕಡಿಯುತ್ತಿತ್ತು. ನೆಗಡಿ ಎಂದುಕೊಂಡಿದ್ದೆ. ಹರಡಿದ ಬೆಳೆ ಕಂಡರೆ ದೂರದಲ್ಲೇ ನಿಲ್ಲಿ, ಸೈಕಲ್ಲನ್ನು ತಳ್ಳಬೇಡಿ, ಹೆಗಲಿಗೇರಿಸಿ. ತಳ್ಳಿದರೂ ಹುರುಳಿ ಸುತ್ತಿಕೊಳ್ಳುತ್ತದೆ. ಪೆಡಲಿಗೆ ಸಿಕ್ಕಿಸುವ ಗಟ್ಟಿ ತಳದ ಬೂಟು ತೊಟ್ಟಿದ್ದರೆ ಕಾಳಿನ ಮೇಲೆ ಕಾಲಿಟ್ಟು ಇನ್ನೊಮ್ಮೆ ಬೀಳುತ್ತೀರಿ. ಕಾಳು ತುಳಿಯದೆ ಅಂಚಿನ ಮಣ್ಣಿನಲ್ಲಿ ನಡೆಯಿರಿ. ಕೇಳಿದರೆ ಕಣದವರೇ ದಾರಿ ಸರಿಸಿಕೊಡುತ್ತಾರೆ.

ಮೂರು ವಾರದ ಮೇಲೆ ಸೈಕಲ್ ತರಲೆಂದು ತಮ್ಮನ ಜೊತೆ ಕಾರಿನಲ್ಲಿ ಆ ಊರಿಗೆ ಹೋಗಿದ್ದೆ. ಸೈಕಲ್ ಅವರ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ಅಜ್ಜಿ ಜಗಲಿಯಲ್ಲಿ ಮೊರ ಹಿಡಿದು ಕುಳಿತಿದ್ದರು. ನನ್ನ ಹಿಂದಿನ ದೀಪ ಒಡೆದು ಅದರ ಕೆಂಪು ಪ್ಲಾಸ್ಟಿಕ್ ಚೂರುಗಳು ಹುರುಳಿಯಲ್ಲಿ ಬೆರೆತಿದ್ದವಂತೆ, ಇನ್ನೂ ಆರಿಸುತ್ತಿದ್ದರು. ಹುರುಳಿಯ ಬಣ್ಣವೂ ಕೆಂಪಲ್ಲವೇ, ಕಣ್ಣಿಗೆ ಸಿಗುವುದಿಲ್ಲ. ನಾನೂ ಪಕ್ಕದಲ್ಲಿ ಕುಳಿತು ಒಂದು ಕೈಯಿಂದ ಸ್ವಲ್ಪ ಹೊತ್ತು ಆರಿಸಿದೆ. ಆರು ಚೂರು ಸಿಕ್ಕವು.

ಹಂಚಿದ್ದ ನಕ್ಷೆಯನ್ನು ಅಳಿಸಿಲ್ಲ. ಹೆಸರಿನ ಮುಂದೆ "ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ" ಎಂದು ಸೇರಿಸಿದ್ದೇನೆ, ಊರುಗಳ ಹೆಸರನ್ನು ಹುಡುಗನಿಂದ ಕೇಳಿ ಬರೆದಿದ್ದೇನೆ. ಹಳೆಯದನ್ನು ಇಳಿಸಿಕೊಂಡವರು ದಯವಿಟ್ಟು ಹೊಸದನ್ನು ಇಳಿಸಿಕೊಳ್ಳಿ.