ಕೋವಿಯ ಕಪಾಟು: ಒಂದು ಮಳೆಗಾಲ ಕಳೆದ ಮೇಲೆ

ಬೆಲೆ 18,500 ರೂಪಾಯಿ. ಮೈಸೂರಿನಿಂದ ವಿರಾಜಪೇಟೆ ದಾಟಿ ನಮ್ಮ ಮನೆಗೆ ತರಿಸಿದ ಬಾಡಿಗೆ ಬೇರೆ. ದಪ್ಪ ತಗಡು, ಗೋಡೆಗೆ ಬಿಗಿಯಲು ನಾಲ್ಕು ಬೋಲ್ಟು, ಎರಡು ಕೋವಿ ನಿಲ್ಲುವಷ್ಟು ಜಾಗ. ಮೇಲೆ ತೋಟಾ ಇಡಲು ಪ್ರತ್ಯೇಕ ಬೀಗದ ಸಣ್ಣ ಗೂಡು. ಹಣ ಕೊಟ್ಟದ್ದು ಆ ಗೂಡಿಗಾಗಿ ಎಂದೇ ಹೇಳಬೇಕು.

ಕೊಡವರ ಮನೆಯಲ್ಲಿ ಕೋವಿಗೆ ಬೀಗ ಎಂದರೆ ನಗುವವರೇ ಹೆಚ್ಚು. "ಅತ್ತಿಗೆ, 1861ರಲ್ಲಿ ಬ್ರಿಟಿಷರೇ ನಮ್ಮನ್ನು ನಂಬಿ ವಿನಾಯಿತಿ ಕೊಟ್ಟರು. ನಿಮಗೆ ನಂಬಿಕೆ ಇಲ್ಲವೇ?" ಎಂದು ಮೈದುನ ಕೇಳಿದ. ವಿನಾಯಿತಿ ಈಗಲೂ ಇದೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿ ಬೇಕಿಲ್ಲ ಎಂಬುದನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆ ಹಕ್ಕನ್ನು ಬಿಟ್ಟುಕೊಡು ಎಂದರೆ ನಾನೂ ಜಗಳಕ್ಕೆ ನಿಲ್ಲುತ್ತೇನೆ. ಆದರೆ ನಮ್ಮ ಆಯುಧಪೂಜೆಯ ಹಬ್ಬವಾದ ಕಳೆದ ಕೈಲ್‌ಪೊಳ್ದ್‌ನಲ್ಲಿ ಪೂಜೆ ಮುಗಿದು ಎಲ್ಲರೂ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಮುಂದೆ ಕುಳಿತಿದ್ದಾಗ, ಆರು ವರ್ಷದ ಮೊಮ್ಮಗ ಪೂಜೆಗೆಂದು ನಳಿಕೆಗೆ ಸಿಕ್ಕಿಸಿದ್ದ ತೋಕ್ ಪೂ ಎಂಬ ಹೂವನ್ನು ಕಿತ್ತೆಸೆದು ಕೋವಿಯನ್ನು ತಂಗಿಯ ಕಡೆಗೆ ತಿರುಗಿಸಿದ್ದ. ಒಳಗೆ ತೋಟಾ ಇರಲಿಲ್ಲ. ಇರಲಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತೇ ಎಂದು ರಾತ್ರಿ ಯೋಚಿಸಿದಾಗ ನಿದ್ದೆ ಬರಲಿಲ್ಲ. ಮರುದಿನವೇ ಕಪಾಟಿಗೆ ಫೋನ್ ಮಾಡಿದೆ.

ಇನ್ನು ದೂರು. ನಂಬರ್ ಒತ್ತಿ ತೆರೆಯುವ ಬೀಗ ಶುದ್ಧ ದಂಡ. ಜೂನ್‌ನಲ್ಲಿ ನಮ್ಮವರ ದೊಡ್ಡಪ್ಪ ತೀರಿಕೊಂಡರು. ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಬೇಕು. ಹೊರಗೆ ಜಡಿಮಳೆ, ಒಳಗೆ ಬ್ಯಾಟರಿ ಸತ್ತು ಬೀಗ ಮೌನ! ಕೊನೆಗೆ ಪಕ್ಕದ ಮನೆಯವರೇ ತಮ್ಮ ಕೋವಿ ತಂದು ಹಾರಿಸಿದರು. ಮಾರಿದವರಿಗೆ ಹೇಳಿದರೆ, "ಮೇಡಂ, ತೇವದಲ್ಲಿ ಇಡಬಾರದು" ಎಂಬ ಉತ್ತರ. ಕೊಡಗಿನ ಮಳೆಗಾಲದಲ್ಲಿ ತೇವವಿಲ್ಲದ ಜಾಗವನ್ನು ಅವರೇ ಬಂದು ತೋರಿಸಲಿ. ಈಗ 900 ರೂಪಾಯಿ ಕೊಟ್ಟು ಮಾಮೂಲಿ ಬೀಗ ಹಾಕಿಸಿದ್ದೇನೆ.

ಕೋವಿಯ ಬೀಗದ ಕೈ ನಮ್ಮವರಲ್ಲಿ, ತೋಟಾದ್ದು ನನ್ನಲ್ಲಿ. ರಾತ್ರಿ ಗದ್ದೆಗೆ ಹಂದಿ ಬಂದರೆ ಇಬ್ಬರೂ ಏಳಬೇಕಲ್ಲ ಎಂದು ಅವರು ಗೊಣಗುತ್ತಾರೆ. ಹಂದಿಗೆ ಪಟಾಕಿ ಸಾಕು, ಗುಂಡು ಹೊಡೆದರೆ ಅರಣ್ಯ ಇಲಾಖೆಯವರು ಬರುತ್ತಾರೆ. ನನಗೆ ಹಂದಿಗಿಂತ ಹೆಚ್ಚು ಭಯ ತೋಟದ ಪಾಲಿನ ಮಾತುಕತೆಯದು. ಎರಡು ಪೆಗ್ ಇಳಿದ ಮೇಲೆ ಗಡಿಬೇಲಿಯ ಮಾತು ಎತ್ತಿದ ಅಣ್ಣತಮ್ಮಂದಿರ ಸುದ್ದಿ ಹೇಗೆ ಮುಗಿಯುತ್ತದೆ ಎಂಬುದನ್ನು ಪತ್ರಿಕೆಯಲ್ಲಿ ಓದಿದ್ದೇನೆ. ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲೂ ಅಂಥದೊಂದು ಸಂಜೆ ಬಂತು. ನಮ್ಮವರು ಕಪಾಟು ತೆರೆದೇಬಿಟ್ಟರು. ತೋಟಾದ ಬೀಗದ ಕೈ ಎಲ್ಲಿ ಎಂದು ಕೂಗಿದರು. ಹುಡುಕುತ್ತಿದ್ದೇನೆ ಎಂದು ಅಡುಗೆಮನೆಯಿಂದ ಉತ್ತರಿಸುತ್ತಲೇ ಕಾಫಿ ಸೋಸಿದೆ. ಅದು ಸೆರಗಿನ ಗಂಟಿನಲ್ಲೇ ಇತ್ತು.

ಕೊಳ್ಳುವವರು ಒಳಗಿನ ಮಖಮಲ್ಲನ್ನು ಮೊದಲ ದಿನವೇ ಕಿತ್ತುಹಾಕಿ. ತೇವ ಹೀರಿ ನಳಿಕೆಗೆ ತುಕ್ಕು ಹಿಡಿಸುತ್ತದೆ. ಹೊರ ಅಳತೆ ನಂಬದೆ ಒಳ ಎತ್ತರ ಕೇಳಿ. ಐದಕ್ಕೆ ಮೂರೂವರೆ ಅಂಕ. ಕಳೆದ ವಾರ ಮೈದುನ ಬಂದು ಬೋಲ್ಟುಗಳನ್ನು ಎಳೆದು ನೋಡಿ, ಒಂಟಿನಳಿಕೆಗೆ ಸಣ್ಣದು ಸಿಗುತ್ತದೆಯೇ ಎಂದು ಕೇಳಿದ.