ಚೆಕ್ ಎಂಜಿನ್ ದೀಪ ಮತ್ತು ಬೆಂಕಿಪೊಟ್ಟಣದಷ್ಟು ಸ್ಕ್ಯಾನರ್: ಎಂಟು ತಿಂಗಳ ಬಳಕೆಯ ನಂತರ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ 2014ರ ಪೆಟ್ರೋಲ್ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಓಡಿಸುವಾಗ ತೊಂದರೆಯೇನೂ ಕಾಣುತ್ತಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಎಂಜಿನ್ ಸಣ್ಣಗೆ ನಡುಗಿ, ಆರ್‌ಪಿಎಂ ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯುತ್ತಿತ್ತು. ಒಂದು ಸರ್ವೀಸ್ ಸೆಂಟರ್‌ನವರು ಪಿ0171 ಎಂಬ ಕೋಡ್ ತೋರಿಸಿ, ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದು ಸಾವಿರಾರು ರೂಪಾಯಿಯ ಎಸ್ಟಿಮೇಟ್ ಬರೆದುಕೊಟ್ಟರು. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ ಆ ಕೋಡ್ ಹೇಳುತ್ತದೆ. ಆ ಸೆನ್ಸರ್ ಕೆಡುವುದೇ ಇಲ್ಲವೆಂದಲ್ಲ, ಆದರೆ ಹೆಚ್ಚುವರಿ ಗಾಳಿ ಎಲ್ಲಿಂದ ಬಂತೆಂದು ಹುಡುಕದೆ, ಅದನ್ನು ಪತ್ತೆಹಚ್ಚಿದ ಸೆನ್ಸರನ್ನೇ ಕೀಳುವುದು ನನಗೆ ಸರಿಯೆನಿಸಲಿಲ್ಲ. ಎಸ್ಟಿಮೇಟಿಗೆ ಒಪ್ಪಿಗೆ ಕೊಡದೆ, ಕಾರಿನ ದೋಷದ ಕೋಡ್‌ಗಳನ್ನು ಫೋನಿನಲ್ಲಿ ಓದಿಸುವ, ಇಎಲ್‌ಎಂ 327 ಮಾದರಿಯ ಬ್ಲೂಟೂತ್ ಸ್ಕ್ಯಾನರ್ ಒಂದನ್ನು ತರಿಸಿಕೊಂಡೆ.

ಭಾರತದಲ್ಲಿ ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಒಬಿಡಿ-2, ಅಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾದದ್ದರಿಂದ, ಅಲ್ಲಿಂದೀಚಿನ ಕಾರುಗಳಲ್ಲಿ ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸಿಗುತ್ತದೆ. ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿ, ಇಗ್ನಿಷನ್ ಆನ್ ಮಾಡಿ, ಫೋನಿನ ಆ್ಯಪ್‌ಗೆ ಜೋಡಿಸಲು ನನಗೆ ಐದು ನಿಮಿಷ ಹಿಡಿಯಿತು.

ಕೋಡ್ ಓದುವ ಕೆಲಸವನ್ನು ಎಲ್ಲ ಸ್ಕ್ಯಾನರ್‌ಗಳೂ ಮಾಡುತ್ತವೆ. ಇದು ನಿಜವಾಗಿ ಉಪಯೋಗಕ್ಕೆ ಬಂದದ್ದು ಎಂಜಿನ್ ಓಡುತ್ತಿರುವಾಗಲೇ ಫ್ಯುಯೆಲ್ ಟ್ರಿಮ್ ತೋರಿಸಿದ್ದರಿಂದ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುರಿಯುತ್ತಿದೆ ಎಂಬುದೇ ಈ ಸಂಖ್ಯೆ. ಸೊನ್ನೆಯ ಆಚೀಚೆ ಹತ್ತರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ನಮ್ಮ ಕಾರಿನ ಶಾರ್ಟ್ ಟರ್ಮ್ (ಆ ಕ್ಷಣದ ಹೊಂದಾಣಿಕೆ) 8, ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟುಕೊಂಡ ಹೊಂದಾಣಿಕೆ) 21, ಒಟ್ಟು 29 ಇತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಆ ಮೊತ್ತ 6ಕ್ಕೆ ಇಳಿಯಿತು. ಪೆಟ್ರೋಲ್ ಪಂಪೋ ಫಿಲ್ಟರೋ ಸೋತಿದ್ದರೆ ಬೇಡಿಕೆ ಹೆಚ್ಚಿದಂತೆ ಕೊರತೆಯೂ ಹೆಚ್ಚಬೇಕಿತ್ತು. ಇಲ್ಲಿ ಅದಕ್ಕೆ ತದ್ವಿರುದ್ಧವಾಗಿತ್ತು. ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರ್ ಪಕ್ಕದಲ್ಲಿದೆ, ಅದನ್ನು ದಾಟಿದ ಮೇಲೆ ಯಾವುದೋ ಬಿರುಕಿನಿಂದ ನುಸುಳುವ ಗಾಳಿ ಇಸಿಯು ಲೆಕ್ಕಕ್ಕೆ ಸಿಗುವುದಿಲ್ಲ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆಯಾದ್ದರಿಂದ ಈ ಕಳ್ಳಗಾಳಿಯ ಪಾಲು ಆಗ ದೊಡ್ಡದಾಗಿ ಕಾಣುತ್ತದೆ.

ಬಾನೆಟ್ ಎತ್ತಿ, ಬೆಲ್ಟು ಮತ್ತು ಫ್ಯಾನಿನಿಂದ ಕೈ ದೂರವಿಟ್ಟುಕೊಂಡು, ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಹಿಸುಕುತ್ತ ಬಂದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ, ಎಂಜಿನ್ನಿನೊಳಗಿನ ಅನಿಲವನ್ನು ಒಯ್ಯುವ ಪಿಸಿವಿ ಹೋಸಿನ ಬಾಗುವಿಕೆಯ ಮೇಲೆ ಬೆರಳಿಟ್ಟೊಡನೆ ಸುಯ್ಯೆನ್ನುವ ಸದ್ದು ನಿಂತು ಎಂಜಿನ್ ಶಾಂತವಾಯಿತು, ಫೋನಿನಲ್ಲಿ ಶಾರ್ಟ್ ಟರ್ಮ್ ಸರಸರನೆ ಕೆಳಗಿಳಿಯಿತು. ಮೇಲಿನಿಂದ ಹೊಸದರಂತೆ ಕಾಣುತ್ತಿದ್ದ ಆ ಹೋಸಿನ ಅಡಿಭಾಗದಲ್ಲಿ ಉಗುರಿನ ಉದ್ದದ ಸೀಳು ಇತ್ತು. ನಮ್ಮ ಬೀದಿಯ ಮೆಕ್ಯಾನಿಕ್ ಹೋಸ್ ಮತ್ತು ಕ್ಲಾಂಪ್ ಬದಲಿಸಿಕೊಟ್ಟರು. ಖರ್ಚು 500 ರೂಪಾಯಿ ದಾಟಲಿಲ್ಲ. ಕೋಡ್ ಅಳಿಸಿ ಒಂದು ವಾರ ಓಡಿಸಿದ ಮೇಲೆ ಲಾಂಗ್ ಟರ್ಮ್ 3ಕ್ಕೆ ಬಂದು ನಿಂತಿತು, ದೀಪ ಮತ್ತೆ ಹೊತ್ತಿಲ್ಲ.

ಕುಂದುಗಳೂ ಇವೆ. ಎಬಿಎಸ್ ಮತ್ತು ಏರ್‌ಬ್ಯಾಗಿನ ಕೋಡ್‌ಗಳನ್ನು ಇದು ನಮ್ಮ ಕಾರಿನಲ್ಲಿ ಓದಲಿಲ್ಲ. ನಾಲ್ಕೈದು ಸಂಖ್ಯೆಗಳನ್ನು ಒಟ್ಟಿಗೆ ನೋಡಹೊರಟರೆ ತೆರೆ ತಡವರಿಸುತ್ತದೆ. ಇಗ್ನಿಷನ್ ಆಫ್ ಆಗಿದ್ದರೂ ಸಾಕೆಟ್ಟಿನಲ್ಲಿ ಬ್ಯಾಟರಿ ವಿದ್ಯುತ್ ಇರುವುದರಿಂದ, ಕೆಲಸ ಮುಗಿದೊಡನೆ ಇದನ್ನು ಕಿತ್ತಿಡಬೇಕು. ಕೋಡ್ ಅಳಿಸುವ ಬಟನ್ ಆ್ಯಪಿನಲ್ಲಿ ತೀರ ಕೈಗೆ ಸಿಗುವಂತಿದೆ. ಅದನ್ನೊತ್ತಿದರೆ ದೋಷ ಕಂಡ ಗಳಿಗೆಯ ವೇಗ, ಉಷ್ಣತೆ ಮುಂತಾದ ಫ್ರೀಜ್ ಫ್ರೇಮ್ ಮಾಹಿತಿಯೂ ಅಳಿಸಿಹೋಗುವುದರಿಂದ, ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದೀಪ ಸ್ಥಿರವಾಗಿರದೆ ಮಿಣುಕುತ್ತಿದ್ದರೆ ಮಾತ್ರ ಸ್ಕ್ಯಾನರ್ ಹುಡುಕುತ್ತ ಕೂರದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ. ಅದು ಮಿಸ್‌ಫೈರಿನ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದರ ಸೂಚನೆ, ಹಾಗೆಯೇ ಓಡಿಸಿದರೆ ಹೊಗೆಯನ್ನು ಶುದ್ಧಗೊಳಿಸುವ, ದುಬಾರಿಯಾದ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.

ವಾರಂಟಿ ಮುಗಿದ ಪೆಟ್ರೋಲ್ ಕಾರು ಇಟ್ಟುಕೊಂಡವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಐಫೋನ್ ಬಳಸುವವರು ಹಳೆಯ ಬ್ಲೂಟೂತ್ ಮಾದರಿಯ ಬದಲು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಮಾದರಿಯನ್ನೇ ಕೇಳಿ ಪಡೆಯಬೇಕು.